ಬೆಳ್ಳಿಯ ಕಣವೂ ರೋಗದ ಕ್ರಿಮಿಯೂ

ಕಳೆದ ಕಾರ್ತಿಕ ಮಾಸದಲ್ಲಿ ಕೊಪ್ಪದ ಸೀಮೆಯಲ್ಲಿರುವ ನಮ್ಮ ಚಿಕ್ಕಪ್ಪನವರ ಮನೆಗೆ ಹೋಗಿದ್ದೆನು. ಅದು ಅಡಿಕೆಯ ಸುಗ್ಗಿಯ ಕಾಲ. ಆ ದಿನಗಳಲ್ಲಿ ಮಲೆನಾಡಿನ ಮನೆಯು ಮನೆಯಾಗಿರುವುದಿಲ್ಲ, ಒಂದು ಕಾರ್ಖಾನೆಯೇ ಆಗಿರುವುದು. ಹಗಲೆಲ್ಲ ಕೊನೆ ಇಳಿಸುವುದು, ರಾತ್ರಿ ಬಹು ಹೊತ್ತಿನವರೆಗೆ ಅಡಿಕೆ ಸುಲಿಯುವುದು, ಬೆಳಗಿನ ಜಾವಕ್ಕೆ ಅಂಗಳದ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಅದನ್ನು ಬೇಯಿಸುವುದು. ಹೀಗೆ ಒಂದು ದಿನ ಬೆಂದ ಅಡಿಕೆಯನ್ನು ಎತ್ತುತ್ತಿದ್ದಾಗ, ೯ ವರ್ಷದ ಮೊಮ್ಮಗನೊಬ್ಬನು ನೋಡುವ ಚಪಲದಿಂದ ಒಲೆಯ ಬಳಿಗೆ ಬಂದು, ಕುದಿಯುವ ಚೊಗರನ್ನು ಮುಂಗೈಯ ಮೇಲೆ ಸಿಡಿಸಿಕೊಂಡನು. ಚಿಕ್ಕಮ್ಮನವರು ಗಾಬರಿಪಡಲಿಲ್ಲ. ಗುಡ್ಡದಿಂದ ಇಳಿದುಬರುವ ಅಬ್ಬಿಯ ನೀರಿನ ಧಾರೆಯ ಕೆಳಗೆ ಹುಡುಗನ ಕೈಯನ್ನು ಹಿಡಿದು, ಅವನು ಎಷ್ಟು ಅತ್ತರೂ ೨೦ ನಿಮಿಷ ಬಿಡಲಿಲ್ಲ. ಸುಟ್ಟ ಗಾಯಕ್ಕೆ ಮೊದಲು ಮಾಡತಕ್ಕ ಉಪಚಾರವು ಇದೇ ಎಂಬುದನ್ನು ಗೃಹಿಣಿಯರೆಲ್ಲರೂ ನೆನಪಿನಲ್ಲಿಡಬೇಕು. ಆ ಬಳಿಕ ಪೇಟೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅವರು ಗಾಯವನ್ನು ತೊಳೆದು, ಬೆಣ್ಣೆಯಂಥ ಬಿಳಿಯ ಮುಲಾಮೊಂದನ್ನು ಸವರಿ ಕಟ್ಟು ಕಟ್ಟಿದರು. ಅದೇನೆಂದು ಕೇಳಲು, "ಇದರಲ್ಲಿ ಬೆಳ್ಳಿಯಿದೆ, ಗಾಯ ಕೀವಾಗಗೊಡದು" ಎಂದರು.

ಮನೆಗೆ ಬಂದು ಈ ಸಂಗತಿಯನ್ನು ಹೇಳಿದೊಡನೆ ಚಿಕ್ಕಪ್ಪನವರು ಎದ್ದು ಹೋಗಿ ತಮ್ಮ ಕಪಾಟಿನಿಂದ ಒಂದು ನೀಲಿಯ ಸೀಸೆಯನ್ನು ತಂದು ನನ್ನ ಮುಂದಿಟ್ಟರು. ಊರೂರು ತಿರುಗುವ ಮಾರಾಟಗಾರನೊಬ್ಬನಿಂದ ಸಾಕಷ್ಟು ಹಣ ತೆತ್ತು ಕೊಂಡುದಂತೆ. ನ್ಯಾನೋ ಬೆಳ್ಳಿಯ ನೀರೆಂದು ಅದರ ಮೇಲೆ ಬರೆದಿತ್ತು. ಮಧುಮೇಹ, ಕೀಲುನೋವು, ಅಜೀರ್ಣ, ಸಕಲ ಜ್ವರಗಳು ಎಂದು ಅದು ಗುಣಪಡಿಸುವ ರೋಗಗಳ ಪಟ್ಟಿಯೂ ಇತ್ತು. ದಿನಕ್ಕೆ ಎರಡು ಚಮಚದಂತೆ ಕುಡಿಯಬೇಕೆಂದು ಮಾರಿದವನ ಆದೇಶ.

"ನೋಡು, ಹುಡುಗನ ಕೈಗೆ ಬೆಳ್ಳಿ ಹಚ್ಚಿದರೆ ಗುಣವಾಗುತ್ತದೆಂದು ಡಾಕ್ಟರೇ ಹೇಳಿದರಷ್ಟೆ. ಹಾಗಾದರೆ ಅದನ್ನೇ ನಾನು ಕುಡಿದರೆ ತಪ್ಪೇನು?" ಎಂದು ಅವರು ಕೇಳಿದರು.

ಪ್ರಶ್ನೆಯು ನ್ಯಾಯವಾದುದೇ. ಆ ರಾತ್ರಿ ಅಡಿಕೆ ಸುಲಿಯುತ್ತ ಕುಳಿತವರ ನಡುವೆ ನಾನು ಅವರಿಗೆ ಹೇಳಿದುದನ್ನೂ, ಊರಿಗೆ ಹಿಂದಿರುಗಿ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿರುವೆನು. ಇಂಥ ಸೀಸೆಗಳು ಬೇರೆ ಮನೆಗಳ ಕಪಾಟುಗಳಲ್ಲಿಯೂ ಇರಬಹುದಷ್ಟೆ.

ಬೆಳ್ಳಿಗೂ ಕ್ರಿಮಿಗಳಿಗೂ ಇರುವ ಹಗೆತನವು ಹಳೆಯದು. ಪಾರಸಿಕ ದೊರೆಯಾದ ಸೈರಸನು ದಂಡಯಾತ್ರೆಗೆ ಹೊರಡುವಾಗ ಕಾಯಿಸಿದ ನೀರನ್ನು ಬೆಳ್ಳಿಯ ಪಾತ್ರೆಗಳಲ್ಲಿ ತುಂಬಿ ಒಯ್ಯುತ್ತಿದ್ದನೆಂದು ಗ್ರೀಕರ ಹೆರೊಡೋಟಸನು ಬರೆದಿಟ್ಟಿರುವನು. ನಮ್ಮಲ್ಲಿಯೂ ಮಗುವಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಹಾಕುವುದುಂಟು. ಇವೆಲ್ಲ ಅನುಭವದ ಮಾತಾಯಿತು. ಶಾಸ್ತ್ರೀಯವಾದ ಪ್ರಯೋಗವು ೧೮೮೦ರ ಸುಮಾರಿಗೆ ಜರ್ಮನಿಯ ಕ್ರೇಡೆ ಎಂಬ ವೈದ್ಯನಿಂದ ನಡೆಯಿತು. ಹೆರಿಗೆಯ ಕಾಲದಲ್ಲಿ ತಾಯಿಯಿಂದ ತಗಲಿದ ರೋಗಾಣುವಿನಿಂದ ಎಷ್ಟೋ ಶಿಶುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಕುರುಡಾಗುತ್ತಿದ್ದುವು. ಅವನು ಪ್ರತಿಯೊಂದು ಶಿಶುವಿನ ಕಣ್ಣಿಗೂ ಬೆಳ್ಳಿಯ ನೈಟ್ರೇಟಿನ ದ್ರಾವಣದ ಒಂದೊಂದು ತೊಟ್ಟನ್ನು ಹಾಕಲಾರಂಭಿಸಿದನು; ಆ ಕಣ್ಣುಬೇನೆಯು ಅವನ ಆಸ್ಪತ್ರೆಯಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ೧೮೯೩ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ನೇಗೆಲಿಯ ಲೇಖನವು ಇನ್ನೂ ವಿಸ್ಮಯಕರವಾದುದು. ತಾಮ್ರ ಬೆಳ್ಳಿ ಮುಂತಾದ ಲೋಹಗಳು ನೀರಿನಲ್ಲಿ ಲೆಕ್ಕಕ್ಕೆ ಸಿಕ್ಕದಷ್ಟು ಅಲ್ಪವಾಗಿ ಕರಗಿದ್ದರೂ ಆ ನೀರಿನಲ್ಲಿ ಪಾಚಿಯು ಬದುಕಲಾರದೆಂದು ಅವನು ಕಂಡಿದ್ದನು.

ಇದನ್ನು ಓದಿ ನಮ್ಮ ತೋಟಗಾರರಿಗೆ ಆಶ್ಚರ್ಯವಾಗಲಾರದು. ಆಷಾಢದ ಮಳೆಯಲ್ಲಿ ಅಡಿಕೆಯ ಗೊನೆಗೆ ತಗಲುವ ಕೊಳೆರೋಗವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗಳಲ್ಲಿ ಅರಿಯದವರಾರು? ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ಪಂಡಿತರು ಈ ರೋಗವನ್ನು ಅಭ್ಯಾಸಮಾಡಿ ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವು ತೋಟಗಳಲ್ಲಿ ಬಳಕೆಗೆ ಬಂದುದು ಅವರ ಕಾಲದಿಂದ. ಮೈಲುತುತ್ತವೆಂದರೆ ತಾಮ್ರವಲ್ಲದೆ ಮತ್ತೇನು? ೧೦೦ ಲೀಟರು ನೀರಿಗೆ ೧ ಕಿಲೋ ತುತ್ತ, ೧ ಕಿಲೋ ಸುಣ್ಣ. ಇಷ್ಟೇ ಲೋಹವು ಇಡೀ ತೋಟವನ್ನು ಕಾಯುವುದು. ಆದರೂ ಯಾವ ಕೊನೆಗಾರನೂ ಆ ದ್ರಾವಣವನ್ನು ಕುಡಿಯಲು ಹೋಗುವುದಿಲ್ಲ. ಸುಣ್ಣ ಸಾಲದಾಯಿತೋ ಏನೋ ಎಂಬ ಶಂಕೆಯಿಂದ ಕತ್ತಿಯ ಮೊನೆಯನ್ನು ಅದ್ದಿ, ಅದಕ್ಕೆ ತಾಮ್ರದ ಕೆಂಪು ಹತ್ತಿತೇ ಎಂದು ನೋಡಿಯೇ ಮರವೇರುವನು. ಲೋಹವು ಕಾಯುವುದೂ ಹೌದು, ಕೊಲ್ಲುವುದೂ ಹೌದು, ಅಳತೆಯೊಂದೇ ನಡುವಿನ ಗೆರೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳ್ಳಿಯು ಕ್ರಿಮಿಯನ್ನು ಕೊಲ್ಲುವ ಬಗೆ ಎಂತಹುದು? ಇದಕ್ಕೆ ಉತ್ತರವು ನಮ್ಮ ದೇವರ ಕೋಣೆಯಲ್ಲಿಯೇ ಇದೆ. ಹಬ್ಬಕ್ಕೆ ಬೆಳಗಿಟ್ಟ ಬೆಳ್ಳಿಯ ದೀಪವು ಕೆಲವು ತಿಂಗಳುಗಳಲ್ಲಿ ಕಪ್ಪಾಗುವುದಷ್ಟೆ. ಗಾಳಿಯಲ್ಲಿ ಇರುವ ಅತ್ಯಲ್ಪ ಗಂಧಕವು ಬೆಳ್ಳಿಯೊಡನೆ ಕೂಡಿ ಆ ಕಪ್ಪನ್ನು ಉಂಟುಮಾಡುವುದು. ಬೆಳ್ಳಿಗೆ ಗಂಧಕದ ಮೇಲೆ ಅಷ್ಟೊಂದು ಮೋಹ. ಜೀವಿಗಳ ದೇಹವನ್ನು ಕಟ್ಟಿರುವ ಪ್ರೋಟೀನುಗಳಲ್ಲಿಯೂ ಅಲ್ಲಲ್ಲಿ ಗಂಧಕವಿರುವುದು. ಬ್ಯಾಕ್ಟೀರಿಯ ಎಂಬ ಏಕಕೋಶದ ಕ್ರಿಮಿಗೆ ಉಸಿರಾಟವನ್ನು ನಡೆಯಿಸಿಕೊಡುವ ಪ್ರೋಟೀನುಗಳಲ್ಲಿಯೂ ಉಂಟು. ತೇವವೂ ಆಮ್ಲಜನಕವೂ ಸೋಂಕಿದ ಬೆಳ್ಳಿಯಿಂದ ವಿದ್ಯುದಂಶವುಳ್ಳ ಬೆಳ್ಳಿಯ ಅಣುಗಳು, ಎಂದರೆ ಅಯಾನುಗಳು, ಒಂದೊಂದಾಗಿ ಕಳಚಿಕೊಂಡು ಹೊರಡುವುವು. ಇವು ಕ್ರಿಮಿಯ ಹೊರಪೊರೆಯನ್ನು ಹೊಕ್ಕು ಆ ಗಂಧಕಕ್ಕೆ ಅಂಟಿಕೊಳ್ಳುವುವು. ಆಗ ಪೊರೆಯು ಸೋರುವುದು, ಉಸಿರಾಟವು ಕೆಡುವುದು, ವಂಶವೃದ್ಧಿಯು ನಿಲ್ಲುವುದು. ದೀಪವನ್ನು ಮಸಿಮಾಡುವ ಗುಣವೇ ಕ್ರಿಮಿಯ ಪ್ರಾಣವನ್ನು ತೆಗೆಯುವ ಗುಣವೂ ಆಯಿತು. ೨೦೧೨ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದವರು ಆಮ್ಲಜನಕವಿಲ್ಲದ ಕಡೆ ಬೆಳ್ಳಿಯ ಕಣಗಳನ್ನು ಬ್ಯಾಕ್ಟೀರಿಯಗಳೊಡನೆ ಬೆರಸಿ ನೋಡಿದರು. ಅಯಾನುಗಳು ಹೊರಡಲಿಲ್ಲ, ಕ್ರಿಮಿಗಳಿಗೆ ಗಣನೀಯವಾದ ಹಾನಿಯೂ ಆಗಲಿಲ್ಲ. ಕೊಲ್ಲುವುದು ಮುಖ್ಯವಾಗಿ ಅಯಾನು, ಕಣವು ಅದರ ಉಗ್ರಾಣ ಎಂದು ಇದರಿಂದ ತಿಳಿದಂತಾಯಿತು.

ಅಯಾನುಗಳು ಹೊರಡುವುದು ಬೆಳ್ಳಿಯ ಮೇಲ್ಮೈಯಿಂದ. ಆದುದರಿಂದ ಮೇಲ್ಮೈ ಎಷ್ಟು ಹೆಚ್ಚೋ ಕೆಲಸವೂ ಅಷ್ಟು ಹೆಚ್ಚು. ನ್ಯಾನೋ ಎಂಬ ಹೊಸ ಮಾತಿನ ಹುರುಳೆಲ್ಲ ಇಲ್ಲಿಯೇ ಇರುವುದು. ಒಂದು ಮೀಟರನ್ನು ೧೦೦ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ತಲೆಗೂದಲಿನ ದಪ್ಪವು ಸುಮಾರು ೮೦ ಸಾವಿರ ನ್ಯಾನೋಮೀಟರು. ಸಾಮಾನ್ಯವಾದ ಬ್ಯಾಕ್ಟೀರಿಯದ ಉದ್ದ ೧ ಸಾವಿರದಿಂದ ೨ ಸಾವಿರ. ನ್ಯಾನೋ ಕಣವೆನಿಸಿಕೊಳ್ಳಬೇಕಾದರೆ ೧೦೦ಕ್ಕಿಂತ ಚಿಕ್ಕದಾಗಿರಬೇಕು. ಈಗ ಒಂದು ಲೆಕ್ಕವನ್ನು ನೋಡಿರಿ. ಒಂದು ಸೆಂಟಿಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಿರುವ ಬೆಳ್ಳಿಯ ಗಟ್ಟಿಯು ೧೦.೫ ಗ್ರಾಂ ತೂಗುವುದು. ಒಂದು ತೊಲಕ್ಕೆ ತುಸು ಕಡಿಮೆ. ಅದರ ಆರು ಮುಖಗಳನ್ನು ಹಾಸಿದರೆ ಒಂದು ಅಂಚೆಯ ಚೀಟಿಯಷ್ಟು ಜಾಗವಾಗುವುದು. ಅದೇ ಗಟ್ಟಿಯನ್ನು ೧೦ ನ್ಯಾನೋಮೀಟರಿನ ಘನಗಳಾಗಿ ಕತ್ತರಿಸುವುದು ಸಾಧ್ಯವಾದರೆ ಎಲ್ಲದರ ಮುಖಗಳೂ ಕೂಡಿ ೬೦೦ ಚದರ ಮೀಟರು, ಅಂದರೆ ಹೆಚ್ಚುಕಡಿಮೆ ೬ ಗುಂಟೆ ಜಮೀನು! ತೊಲದ ಬೆಳ್ಳಿ ೬ ಗುಂಟೆಯಾದ ಈ ಮಾತನ್ನು ಕೇಳಿ ಚಿಕ್ಕಪ್ಪನವರು ಸುಲಿಯುವ ಕೈಯನ್ನು ನಿಲ್ಲಿಸಿ, "ಇಂಥ ವಿದ್ಯೆ ತೋಟಕ್ಕೂ ಬಂದರೆ ಒಳ್ಳೆಯದಿತ್ತು" ಎಂದರು.

ಕತ್ತರಿಸುವುದೆಂದು ಬಾಯಿಮಾತಿಗೆ ಹೇಳಿದೆನು. ಮಾಡುವ ಬಗೆಯು ಬೇರೆ. ಬೆಳ್ಳಿಯ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ಅಯಾನುಗಳನ್ನು ಮತ್ತೆ ಲೋಹವಾಗಿಸಬಲ್ಲ ವಸ್ತುವನ್ನು ಬೆರಸಬೇಕು. ಗಿಡಮರಗಳ ರಸಕ್ಕೂ ಈ ಶಕ್ತಿಯುಂಟು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲಿ ಮುರಳಿ ಶಾಸ್ತ್ರಿಯವರೂ ಸಂಗಡಿಗರೂ ೨೦೦೩ರಲ್ಲಿ ಜಿರೇನಿಯಂ ಎಲೆಯ ರಸದಿಂದ ಬೆಳ್ಳಿಯ ಕಣಗಳನ್ನು ಮಾಡಿದುದನ್ನು ಪ್ರಕಟಿಸಿದರು. ಅಡಿಕೆಯ ರಸದಿಂದಲೂ ಇದೇ ಕೆಲಸವಾಗುವುದೆಂದು ಮುಂದೆ ಬೇರೆ ವಿಜ್ಞಾನಿಗಳು ತೋರಿಸಿಕೊಟ್ಟರು. ಚೊಗರಿಗೆ ಒಗರನ್ನೂ ಬಣ್ಣವನ್ನೂ ಕೊಡುವ ಟ್ಯಾನಿನ್ ಮುಂತಾದುವುಗಳೇ ಈ ಕಾರ್ಯವನ್ನು ನಡೆಯಿಸುವುವು. ಬಣ್ಣವಿಲ್ಲದ ದ್ರಾವಣವು ನೋಡನೋಡುತ್ತ ಹಳದಿಯಾಗಿ, ಅನಂತರ ಕಂದುಬಣ್ಣಕ್ಕೆ ತಿರುಗುವುದು. ಬೆಳ್ಳಿಯು ಕಂದಾಗುವುದೇಕೆಂದರೆ, ಅಷ್ಟು ಚಿಕ್ಕ ಕಣಗಳು ಬೆಳಕಿನೊಳಗಿನ ನೀಲಿಯ ಭಾಗವನ್ನು ಹೀರಿಕೊಂಡು ಉಳಿದುದನ್ನು ಮಾತ್ರ ಬಿಡುವುವು. ನರಸಿಂಹರಾಜಪುರದ ಬಳಿ ಹರಡಿಕೊಂಡಿರುವ ಭದ್ರೆಯ ಹಿನ್ನೀರಿನ ಆಚೆಯ ತುದಿಗೆ, ಅಣೆಕಟ್ಟಿಗೆ ಸಮೀಪವಾದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿರುವುದಷ್ಟೆ. ಅಲ್ಲಿಯೂ, ಮೈಸೂರು ಧಾರವಾಡಗಳ ವಿಶ್ವವಿದ್ಯಾನಿಲಯಗಳಲ್ಲಿಯೂ ಸಸ್ಯರಸಗಳಿಂದ ಇಂಥ ಕಣಗಳನ್ನು ಮಾಡಿ ಬ್ಯಾಕ್ಟೀರಿಯಗಳ ಮೇಲೆ ಪರೀಕ್ಷಿಸಿದ ಲೇಖನಗಳು ಹಲವು ಬಂದಿರುವುವು. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಮುಚ್ಚಿಡಲಾರೆನು. ಗಾಜಿನ ತಟ್ಟೆಯಲ್ಲಿ ಬೆಳೆದ ಕ್ರಿಮಿಯನ್ನು ಕೊಲ್ಲುವುದು ಸುಲಭ. ಉಪ್ಪಿನ ನೀರೂ ಸಾಬೂನೂ ಎಷ್ಟೋ ಕ್ರಿಮಿಗಳನ್ನು ಅಲ್ಲಿ ಕೊಂದಾವು. ತಟ್ಟೆಯಿಂದ ರೋಗಿಯ ಹಾಸಿಗೆಯವರೆಗಿನ ದಾರಿಯು ಬಲು ದೂರವಾದುದು, ಹೊರಟವುಗಳಲ್ಲಿ ಬಹುಪಾಲು ನಡುದಾರಿಯಲ್ಲಿಯೇ ನಿಲ್ಲುವುವು.

ಹಾಸಿಗೆಯವರೆಗೆ ಬಂದುವುಗಳಲ್ಲಿ ಮುಖ್ಯವಾದುದು ಸುಟ್ಟ ಗಾಯದ ಮದ್ದು. ೧೯೬೫ರಲ್ಲಿ ಅಮೆರಿಕದ ಮೋಯರ್ ಎಂಬ ವೈದ್ಯರು ಬೆಳ್ಳಿಯ ನೈಟ್ರೇಟಿನ ಬಹು ತೆಳುವಾದ ದ್ರಾವಣದಲ್ಲಿ ನೆನಸಿದ ಬಟ್ಟೆಯನ್ನು ಸುಟ್ಟ ಗಾಯಗಳಿಗೆ ಕಟ್ಟಿ ಗುಣವನ್ನು ಕಂಡರು. ೧೯೬೮ರಲ್ಲಿ ಚಾರ್ಲ್ಸ್ ಫಾಕ್ಸ್ ಎಂಬವರು ಬೆಳ್ಳಿಯನ್ನು ಸಲ್ಫ ಔಷಧವೊಂದರೊಡನೆ ಕೂಡಿಸಿ ಬಿಳಿಯ ಮುಲಾಮನ್ನು ಮಾಡಿದರು. ನಮ್ಮ ಹುಡುಗನ ಕೈಗೆ ಹಚ್ಚಿದುದು ಅದೇ. ಅದರಲ್ಲಿರುವುದು ನ್ಯಾನೋ ಕಣವಲ್ಲ, ಬೆಳ್ಳಿಯ ಲವಣ. ಕೆಲಸ ಮಾಡುವ ಅಯಾನು ಮಾತ್ರ ಒಂದೇ. ಈಚಿನ ದಶಕಗಳಲ್ಲಿ ನ್ಯಾನೋ ಕಣಗಳನ್ನೇ ಲೇಪಿಸಿದ ಪಟ್ಟಿಗಳು ಬಂದಿವೆ. ಇವು ದಿನಗಟ್ಟಲೆ ನಿಧಾನವಾಗಿ ಅಯಾನುಗಳನ್ನು ಬಿಡುವುದರಿಂದ ಗಾಯವನ್ನು ಪದೇ ಪದೇ ಬಿಚ್ಚಿ ನೋಯಿಸಬೇಕಾಗಿಲ್ಲ. ಬೆಳ್ಳಿಗೆ ದೋಷಗಳಿಲ್ಲವೆಂದಲ್ಲ. ಆ ಬಿಳಿಯ ಮುಲಾಮಿನಿಂದ ಗಾಯ ಮಾಯುವುದು ಬೇರೆ ಕೆಲವು ಪಟ್ಟಿಗಳಿಗಿಂತ ತಡವಾಗುವುದೆಂದು ೨೦೧೩ರ ಸಮೀಕ್ಷೆಯೊಂದು ತೋರಿಸಿತು. ಮೂತ್ರದ ನಳಿಕೆಗೆ ಬೆಳ್ಳಿಯನ್ನು ಲೇಪಿಸಿದರೆ ಸೋಂಕು ತಪ್ಪುವುದೆಂದು ಬಹಳ ಆಸೆಯಿತ್ತು. ೨೦೧೨ರಲ್ಲಿ ಪ್ರಕಟವಾದಂತೆ, ಬ್ರಿಟನ್ನಿನಲ್ಲಿ ೭ ಸಾವಿರಕ್ಕೂ ಮಿಕ್ಕ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಅಲ್ಪಕಾಲದ ಬಳಕೆಯಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ.

ಕುಡಿಯುವ ನೀರಿನಲ್ಲಿ ಬೆಳ್ಳಿಯ ಉಪಕಾರವು ಇದಕ್ಕಿಂತ ಸ್ಪಷ್ಟವಾದುದು. ಮಳೆಗಾಲದಲ್ಲಿ ನಮ್ಮ ಬಾವಿಗಳು ತುಂಬಿ ಮೇಲಿನ ಕೊಳೆಯೆಲ್ಲ ಒಳಗಿಳಿಯುವುದು. ಮರ ಬಿದ್ದು ತಂತಿ ಹರಿದರೆ ನಾಲ್ಕಾರು ದಿನ ವಿದ್ಯುತ್ತೂ ಇಲ್ಲ, ನೀರಿನ ಯಂತ್ರವೂ ಇಲ್ಲ. ೨೦೦೯ರಲ್ಲಿ ಟಾಟಾ ಸಂಸ್ಥೆಯವರು ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಕೂರಿಸಿ, ವಿದ್ಯುತ್ತು ಬೇಡದ ಶೋಧಕವೊಂದನ್ನು ಪೇಟೆಗೆ ತಂದರು. ಗದ್ದೆಯ ಬದಿಯಲ್ಲಿ ಸುಟ್ಟು ಬಿಸಾಡುವ ಹೊಟ್ಟಿಗೆ ಬಂದ ಈ ಯೋಗವನ್ನು ನೋಡಿರಿ! ಮದರಾಸಿನ ಐ.ಐ.ಟಿ.ಯ ಟಿ. ಪ್ರದೀಪರ ತಂಡವು ೨೦೧೩ರಲ್ಲಿ ಪ್ರಕಟಿಸಿದ ಶೋಧಕವು ಒಂದು ಲೀಟರು ನೀರಿಗೆ ಸುಮಾರು ೪೦ ಮೈಕ್ರೋಗ್ರಾಂ ಬೆಳ್ಳಿಯನ್ನು ಮಾತ್ರ ಬಿಡುವುದು. ಕುಡಿಯುವ ನೀರಿನಲ್ಲಿ ೧೦೦ ಮೈಕ್ರೋಗ್ರಾಮಿನವರೆಗೆ ಇರಬಹುದೆಂದು ೨೦೧೨ರ ಭಾರತೀಯ ಮಾನಕವು ಗೊತ್ತುಮಾಡಿದೆ. ಕ್ರಿಮಿಗೆ ಮರಣ, ಮನುಷ್ಯನಿಗೆ ಅಪಾಯವಿಲ್ಲ ಎಂಬ ಸಣ್ಣ ಸಂದಿಯಲ್ಲಿ ಈ ಅಳತೆಯು ನಿಂತಿರುವುದು. ಇಷ್ಟು ದೂರ ಹೋಗಲಾರದವರು ಅಜ್ಜಿಯರ ತಾಮ್ರದ ಕೊಡವನ್ನೇ ಬೆಳಗಿಟ್ಟುಕೊಳ್ಳಬಹುದು. ಬೆಂಗಳೂರಿನ ಆಯುರ್ವೇದ ಸಂಶೋಧನ ಸಂಸ್ಥೆಯೊಂದರವರು ಭೇದಿ ಕಾಲರಾಗಳ ಬ್ಯಾಕ್ಟೀರಿಯಗಳನ್ನು ಬೆರಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ ೧೬ ಗಂಟೆ ಇಟ್ಟು ನೋಡಿ, ಒಂದೂ ಬದುಕಿ ಉಳಿಯಲಿಲ್ಲವೆಂದು ೨೦೧೨ರಲ್ಲಿ ಬರೆದಿರುವರು. ಮನೆಯಲ್ಲಿ ಕಾಹಿಲೆಯವರಿದ್ದರೆ ಕುದಿಸಿ ಆರಿಸಿದ ನೀರಿಗೆ ಸಮನಾದುದು ಯಾವುದೂ ಇಲ್ಲ.

ಇನ್ನು ಚಿಕ್ಕಪ್ಪನವರ ಪ್ರಶ್ನೆಗೆ ಬರುವೆನು. ಗಾಯವು ದೇಹದ ಹೊರಗಿನದು. ನೀರಿನ ಶೋಧಕವು ದೇಹಕ್ಕೆ ದೂರವಾದುದು. ಎರಡು ಕಡೆಯಲ್ಲಿಯೂ ಬೆಳ್ಳಿಗೆ ಕ್ರಿಮಿಯು ನೇರವಾಗಿ ಸಿಕ್ಕುವುದು. ನುಂಗಿದ ಬೆಳ್ಳಿಯ ಗತಿಯೇ ಬೇರೆ. ಹೊಟ್ಟೆಯಲ್ಲಿಯೂ ರಕ್ತದಲ್ಲಿಯೂ ಉಪ್ಪಿನ ಅಂಶವುಂಟು. ಅದು ಬೆಳ್ಳಿಯ ಅಯಾನನ್ನು ಕರಗದ ಪುಡಿಯಾಗಿಸಿ ಕೂರಿಸುವುದು. ಅದನ್ನು ತಪ್ಪಿಸಿಕೊಂಡುದಕ್ಕೆ ರಕ್ತದ ಪ್ರೋಟೀನುಗಳಲ್ಲಿ ಬೇಕಾದಷ್ಟು ಗಂಧಕವು ಕಾದಿರುವುದು. ರೋಗಾಣುವನ್ನು ಹುಡುಕಿಕೊಂಡು ಹೋಗಲು ಅಲ್ಲಿ ಬೆಳ್ಳಿಗೆ ಬಿಡುವೂ ಇಲ್ಲ, ದಾರಿಯೂ ಇಲ್ಲ. ಹೋಗಲಿ, ಸುಮ್ಮನೆ ಹೊರಗೆ ಹೋಗುವುದೋ ಎಂದರೆ ಪೂರ್ತಿಯಾಗಿ ಹೋಗುವುದೂ ಇಲ್ಲ. ತಿಂಗಳು ವರ್ಷಗಟ್ಟಲೆ ಕುಡಿದವರ ಚರ್ಮದಲ್ಲಿ ಅದು ಸೇರಿಕೊಂಡು, ಬಿಸಿಲು ತಾಗಿದ ಕಡೆ, ಹಿಂದಿನ ಕಾಲದ ಫೋಟೋ ಪಟ್ಟಿಯಂತೆ ಕಪ್ಪಾಗುವುದು. ಮುಖವೂ ಕೈಗಳೂ ಬೂದಿಮಿಶ್ರಿತವಾದ ನೀಲಿಯ ಬಣ್ಣಕ್ಕೆ ತಿರುಗುವುವು. ಈ ಬಣ್ಣವು ತಾನಾಗಿ ಹೋಗುವುದಿಲ್ಲ. ಅಮೆರಿಕ ಸರಕಾರದ ಔಷಧ ಇಲಾಖೆಯು ೧೯೯೯ರಲ್ಲಿಯೇ, ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿಯ ನೀರುಗಳು ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಸ್ಥಾಪಿತವಾಗಿಲ್ಲವೆಂದು ಸಾರಿತು.

ನಮ್ಮ ಸೀಮೆಯಲ್ಲಿ ಈ ಸಂಗತಿಗೆ ಹೆಚ್ಚಿನ ಬೆಲೆಯುಂಟು. ಗದ್ದೆಯ ಕೆಸರಿನಲ್ಲಿ ತಗಲುವ ಇಲಿಜ್ವರವು ಬ್ಯಾಕ್ಟೀರಿಯದಿಂದ ಬರುವುದೇ ಸರಿ. ಆದರೆ ಅದು ರಕ್ತದಲ್ಲಿರುವುದು. ಅದಕ್ಕೆ ಬೇಕಾದುದು ಡಾಕ್ಟರು ಕೊಡುವ ಆಂಟಿಬಯಾಟಿಕ್ ಔಷಧ, ಅದೂ ಬೇಗನೆ. ೧೯೫೭ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿ, ಈಚಿನ ವರ್ಷಗಳಲ್ಲಿ ಕೊಪ್ಪ ಶೃಂಗೇರಿ ನರಸಿಂಹರಾಜಪುರಗಳಲ್ಲಿಯೂ ಕಾಣಿಸಿಕೊಂಡಿರುವ ಮಂಗನ ಕಾಯಿಲೆಯಾದರೋ ಬ್ಯಾಕ್ಟೀರಿಯದ್ದೇ ಅಲ್ಲ, ಉಣ್ಣೆಯಿಂದ ಹರಡುವ ವೈರಸ್ಸಿನದು. ಇವೆರಡರಲ್ಲಿಯೂ ಮೊದಲ ದಿನಗಳು ಅಮೂಲ್ಯವಾದುವು. ಜ್ವರ ಬಂದವನು ಚಮಚದಲ್ಲಿ ಬೆಳ್ಳಿಯ ನೀರನ್ನು ಅಳೆಯುತ್ತ ನಾಲ್ಕು ದಿನ ಮನೆಯಲ್ಲಿ ಕುಳಿತರೆ, ಕಳೆದುಹೋಗುವುದು ಸೀಸೆಯ ಹಣವೊಂದೇ ಅಲ್ಲ.

ಆಂಟಿಬಯಾಟಿಕ್ಕುಗಳು ಸೋಲುತ್ತಿರುವಾಗ ಬೆಳ್ಳಿಯನ್ನು ನಂಬಬಾರದೇಕೆ ಎಂದು ಕೇಳುವವರುಂಟು. ೨೦೧೯ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಪ್ರಪಂಚದಲ್ಲಿ ಸುಮಾರು ೧೨.೭ ಲಕ್ಷ ಮಂದಿ ಸತ್ತರೆಂದು ಲೆಕ್ಕಹಾಕಿರುವರು. ಹೊಸ ಆಯುಧಗಳನ್ನು ಹುಡುಕುವ ಆತುರಕ್ಕೆ ಕಾರಣವಿದೆ. ಆದರೆ ಬ್ಯಾಕ್ಟೀರಿಯಗಳು ಬೆಳ್ಳಿಯನ್ನೂ ಗೆಲ್ಲಬಲ್ಲುವು. ೧೯೭೫ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ, ಸುಟ್ಟ ಗಾಯದವರ ವಿಭಾಗದಲ್ಲಿ, ಬೆಳ್ಳಿಯ ನೈಟ್ರೇಟಿಗೂ ಎರಡು ಆಂಟಿಬಯಾಟಿಕ್ಕುಗಳಿಗೂ ಬಗ್ಗದ ಸಾಲ್ಮೊನೆಲ್ಲ ಕ್ರಿಮಿಯು ಹಬ್ಬಿದ ಸಂಗತಿಯು ವರದಿಯಾಯಿತು. ಒಳಗೆ ಬಂದ ಬೆಳ್ಳಿಯನ್ನು ಅದು ಹಿಡಿದು ಹೊರಕ್ಕೆ ದಬ್ಬುವ ಉಪಾಯವನ್ನು ೧೯೯೯ರಲ್ಲಿ ಬಿಡಿಸಿ ತೋರಿಸಿದವರಲ್ಲಿ ಸೈಮನ್ ಸಿಲ್ವರ್ ಎಂಬ ವಿಜ್ಞಾನಿ ಮುಖ್ಯರು. ಇಂಗ್ಲಿಷಿನಲ್ಲಿ ಸಿಲ್ವರ್ ಎಂದರೆ ಬೆಳ್ಳಿಯೇ! ಬೆಳ್ಳಿಯನ್ನು ಕಂಡಕಂಡಲ್ಲಿ ಬಳಸಿದಷ್ಟೂ ಇಂಥ ಕ್ರಿಮಿಗಳಿಗೆ ಅಭ್ಯಾಸವಾಗುವುದು. ಇಂದು ಕಾಲುಚೀಲ, ಬನಿಯನು, ಹಲ್ಲುಜ್ಜುವ ಕುಂಚ, ಬಟ್ಟೆ ಒಗೆಯುವ ಯಂತ್ರಗಳಿಗೂ ಬೆಳ್ಳಿಯ ಕಣಗಳನ್ನು ಸೇರಿಸಿ ಮಾರುವ ವಾಡಿಕೆ ಬಂದಿರುವುದು. ಬೆವರಿನ ವಾಸನೆಯನ್ನು ತಡೆಯಲು ಗಾಯದ ಮದ್ದನ್ನು ಸವೆಸುವುದು ನನಗಂತೂ ದುಂದಾಗಿ ಕಾಣುವುದು. ೨೦೦೮ರಲ್ಲಿ ಅಮೆರಿಕದ ಅರಿಜೋನದಲ್ಲಿ ಇಂಥ ಕಾಲುಚೀಲಗಳನ್ನು ಒಗೆದು ನೋಡಲು, ಕೆಲವು ಜೊತೆಗಳು ನಾಲ್ಕೇ ಒಗೆತಕ್ಕೆ ತಮ್ಮ ಬೆಳ್ಳಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿಗೆ ಬಿಟ್ಟುವು.

ಆ ನೀರು ಹೋಗುವುದೆಲ್ಲಿಗೆ? ನಮ್ಮಲ್ಲಿ ಅದು ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಭದ್ರೆಗೋ. ಚರಂಡಿಯ ಕೊಳೆಯಲ್ಲಿರುವ ಗಂಧಕವು ಬೆಳ್ಳಿಯ ಬಹುಭಾಗವನ್ನು ಹಿಡಿದು ನಿರುಪದ್ರವಿಯಾಗಿಸುವುದೆಂಬುದು ಸಮಾಧಾನದ ಮಾತು. ಶುದ್ಧವಾದ ಹರಿಯುವ ನೀರಿನಲ್ಲಿ ಆ ರಕ್ಷಣೆಯು ಕಡಿಮೆ. ಸಿಹಿನೀರಿನ ಮೀನುಗಳು ಕಿವಿರುಗಳ ಮೂಲಕ ಉಪ್ಪಿನಂಶವನ್ನು ಒಳಗೆಳೆದುಕೊಂಡು ಬದುಕುವುವು. ಬೆಳ್ಳಿಯ ಅಯಾನು ಆ ಬಾಗಿಲನ್ನೇ ಮುಚ್ಚುವುದು. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ಕುಳಿತು, ಕೈತುತ್ತಿಗೆ ಗುಂಪುಗೂಡಿ ಬರುವ ಆ ದೊಡ್ಡ ಮೀನುಗಳಿಗೆ ಅಕ್ಕಿ ಪುರಿಗಳನ್ನು ಹಾಕಿದವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇಷ್ಟನ್ನೂ ಕೇಳಿ ಚಿಕ್ಕಪ್ಪನವರು ಬಹಳ ಹೊತ್ತು ಮಾತನಾಡಲಿಲ್ಲ. ಕೊಟ್ಟ ಹಣದ ಚಿಂತೆಯೂ ಇದ್ದಿರಬೇಕು. ಕಡೆಗೆ, "ಹಾಗಾದರೆ ಇದನ್ನು ಏನು ಮಾಡಲಿ? ಹಳ್ಳಕ್ಕೆ ಚೆಲ್ಲಬೇಡವೆಂದು ನೀನೇ ಹೇಳಿದೆ" ಎಂದರು. ಚಿಕ್ಕಮ್ಮನವರು ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡು ಅಟ್ಟಕ್ಕೆ ಹೋದರು. ಮಕ್ಕಳ ಕೈಗೆ ಎಟಕದ ಎತ್ತರದಲ್ಲಿ, ಮುಂದಿನ ಮಳೆಗಾಲಕ್ಕೆಂದು ತಂದಿಟ್ಟ ಮೈಲುತುತ್ತದ ಪೊಟ್ಟಣಗಳ ಸಾಲಿನಲ್ಲಿ ಅದನ್ನು ಇಟ್ಟು ಬಂದರು. ಹುಡುಗನ ಕೈಯ ಕಟ್ಟನ್ನು ಹತ್ತನೆಯ ದಿನ ಬಿಚ್ಚಿದರು. ಹೊಸ ಚರ್ಮವು ತೆಳುವಾಗಿ, ಗುಲಾಬಿಯ ಬಣ್ಣದಲ್ಲಿ ಬಂದಿತ್ತು.